ಮೊದಲು ಹಾಲು, ಆಮೇಲೆ ಗಟ್ಟಿ ಆಹಾರ

ಭಾನುವಾರದ ಆರಾಧನೆಯ ಸಂದೇಶ, ಕಾನಹೊಸಹಳ್ಳಿ
ವಾಕ್ಯಭಾಗ: ಅಪೊಸ್ತಲರ ಕೃತ್ಯಗಳು 2:1-11, 1 ಕೊರಿಂಥ 3:1-2

 

ಪಂಚಾಶತ್ತಮ ದಿನ ಅಂದ ಕೂಡಲೇ ನಮಗೆ ಏನು ನೆನಪಾಗುತ್ತದೆ? ಬೆಂಕಿ, ಬಿರುಗಾಳಿ, ಅನ್ಯಭಾಷೆ. ಸರಿ. ಆದರೆ ಎಂಟನೇ ವಚನ ನಿಧಾನವಾಗಿ ಓದ್ರಿ. ಅಲ್ಲಿ ಕೂಡಿದ್ದ ಜನರಿಗೆ ಆಶ್ಚರ್ಯ ಆದದ್ದು ಯಾವುದಕ್ಕೆ? ಈ ಗಲಿಲಾಯದವರ ಬಾಯಲ್ಲಿ ನಮ್ಮ ಹುಟ್ಟುಭಾಷೆ ಹೇಗೆ ಬಂತು ಅಂತ! ಕೇಳುವವನು ಬೇಕಾದ್ರೆ ಭಾಷೆ ಕಲಿಯಲಿ ಅಂತ ದೇವರು ಅನ್ನಲಿಲ್ಲ. ಹೇಳುವವನ ನಾಲಿಗೆಯನ್ನೇ ಬದಲಾಯಿಸಿದನು. ಸ್ತೋತ್ರ!

ನಮ್ಮ ಕೂಡ್ಲಿಗಿ ತಾಲೂಕು 2021ರಲ್ಲಿ ವಿಜಯನಗರ ಜಿಲ್ಲೆ ಆಗುವ ತನಕ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಆ ಬಳ್ಳಾರಿಗೆ 1810ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಎಂಬ ದೇವಸೇವಕರು ಬಂದರು. ರೈಲಿಲ್ಲ, ಕರೆಂಟಿಲ್ಲ, ನಮ್ಮ ಬಿಸಿಲು ಮಾತ್ರ ಇತ್ತು. ಬಂದವರು ಶಿಷ್ಯರಂತೆ ಕೂತು ಕನ್ನಡ ಕಲಿತರು. ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿ ಮುಗಿದದ್ದು 1831ಕ್ಕೆ. ಲೆಕ್ಕ ಹಾಕ್ರಿ, 21 ವರ್ಷ! ಅವರ ಜೊತೆ ಸೇವೆ ಮಾಡಿದ ವಿಲಿಯಂ ರೀವ್ ಅವರು 1824ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟು, 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟರು. ಆ ಅನುವಾದದಲ್ಲಿ ಕೊರತೆಗಳಿದ್ದವು. ಮುಂದೆ ವೈಗಲ್ ಮುಂತಾದವರು ತಿದ್ದಿದರು. ಆದರೆ ಇವತ್ತು ನಿಮ್ಮ ಮಡಿಲಲ್ಲಿರುವ ಸತ್ಯವೇದಕ್ಕೆ ಮೊದಲ ಬೀಜ ಬಿದ್ದದ್ದು ನಮ್ಮ ಬಳ್ಳಾರಿಯ ಮಣ್ಣಿನಲ್ಲಿ. ಆಮೆನ್?

ಇನ್ನೂ ಹಿಂದಕ್ಕೆ ಹೋಗೋಣ. ಈ ಹ್ಯಾಂಡ್ಸ್ ಅವರನ್ನು ಕಳಿಸಿದ ಇಂಗ್ಲೆಂಡಿಗೂ ಒಂದು ಕಾಲದಲ್ಲಿ ಸುವಾರ್ತೆ ಹೊರಗಿನಿಂದಲೇ ಬರಬೇಕಾಯಿತು. ಸುಮಾರು 1,400 ವರ್ಷದ ಹಿಂದೆ, ಅಲ್ಲಿನ ಉತ್ತರದ ಸೀಮೆಯಲ್ಲಿ ಓಸ್ವಾಲ್ಡ್ ಎಂಬ ಅರಸ. ತನ್ನ ಜನರಿಗೆ ಬೋಧಿಸಲು ಒಬ್ಬ ಸೇವಕನನ್ನು ಕಳಿಸಿರಿ ಅಂತ ಐಯೋನಾ ದ್ವೀಪದ ಮಠಕ್ಕೆ ಹೇಳಿಕಳಿಸಿದ. ಮೊದಲು ಬಂದವನು ಬಹಳ ಕಠಿಣ ಮನುಷ್ಯ. ಜನ ಕೇಳಲಿಲ್ಲ. ಅವನು ವಾಪಸ್ ಹೋಗಿ, ಅವರು ಒರಟರು, ಪಳಗದ ಜನ ಅಂತ ದೂರು ಹೇಳಿದ. ಆಗ ಸಭೆಯಲ್ಲಿ ಕೂತಿದ್ದ ಐಡನ್ ಎಂಬವರು ಕೇಳಿದ್ದು ಇಷ್ಟೇ: ಇನ್ನೂ ಕಲಿಯದ ಜನಕ್ಕೆ ನೀನು ಮೊದಲು ಹಾಲು ಕೊಡಬೇಕಿತ್ತಲ್ಲವೇ? ಪೌಲನು ಕೊರಿಂಥದವರಿಗೆ ಹೇಳಿದ ಅದೇ ಹಾಲು! ಎಲ್ಲರೂ ಐಡನ್ ಅವರನ್ನೇ ಬಿಷಪ್ ಮಾಡಿ ಕಳಿಸಿದರು. ಅದು 635ನೇ ಇಸವಿ.

ಐಡನ್ ಅವರಿಗೆ ಆ ಜನರ ಭಾಷೆ ಚೆನ್ನಾಗಿ ಬರುತ್ತಿರಲಿಲ್ಲ. ಅವರು ಬೋಧಿಸುವಾಗ ಅರಸನೇ ಪಕ್ಕದಲ್ಲಿ ನಿಂತು ತನ್ನವರಿಗೆ ಅರ್ಥ ಹೇಳುತ್ತಿದ್ದ. ಮುಂದೆ ಇನ್ನೊಬ್ಬ ಅರಸ ಓಡಾಡಲು ಒಳ್ಳೇ ಕುದುರೆ ಕೊಟ್ಟರೆ, ಐಡನ್ ಅದನ್ನು ದಾರಿಯಲ್ಲಿ ಸಿಕ್ಕ ಭಿಕ್ಷುಕನಿಗೆ ಕೊಟ್ಟುಬಿಟ್ಟರು. ಸಾಧಾರಣವಾಗಿ ನಡೆದೇ ಹೋಗುತ್ತಿದ್ದರು. ಯಾಕೆ ಅಂದ್ರೆ, ನಡೆಯುವವನು ದಾರಿಯಲ್ಲಿ ಎದುರಾದವರ ಜೊತೆ ಮಾತಾಡಬಹುದು. ಕುದುರೆ ಮೇಲಿದ್ದವನನ್ನು ಜನ ಕತ್ತೆತ್ತಿ ನೋಡಬೇಕು, ಅಷ್ಟೇ.

ಈಗ ನಮ್ಮ ವಿಷಯಕ್ಕೆ ಬರೋಣ. ನಮ್ಮ ಸಭೆಯ ಒಬ್ಬ ತಮ್ಮ ಹೇಳಿದ, "ಪಾಸ್ಟರ್, ನಮ್ಮಣ್ಣನ ಹೃದಯ ಕಲ್ಲು. ಎಷ್ಟು ಹೇಳಿದ್ರೂ ಕೇಳಲ್ಲ. ಎಂಟು ತಿಂಗಳಾತು, ಅವ್ನ ಮನಿಗೆ ಹೋಗಿಲ್ಲ." ನಾನು ಕೇಳಿದೆ, "ಶೇಂಗಾ ಕೀಳುವಾಗ ಅಣ್ಣನ ಹೊಲಕ್ಕೆ ಹೋಗಿದ್ಯಾ?" ಸುಮ್ಮನಾದ. "ಅತ್ತಿಗೆ ಆಸ್ಪತ್ರೆಯಲ್ಲಿದ್ದಾಗ?" ಮತ್ತೆ ಸುಮ್ಮನಾದ. ನಡುವೆ ತಾಯಿ, ಎರಡು ಮನೆಗೂ ಓಡಾಡುತ್ತಾ ಕಣ್ಣೀರು ಹಾಕುತ್ತಿದ್ದಾಳೆ. ಪ್ರಿಯರೇ, ಇದು ಒಬ್ಬನ ಕಥೆ ಅಲ್ಲ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಹೀಗೇ ಐತಿ. ಅಣ್ಣ ಕಲ್ಲೋ, ನಾವು ಕೊಟ್ಟದ್ದು ಕಲ್ಲೋ? ಪರೀಕ್ಷಿಸಿಕೊಳ್ಳೋಣ.

ಹಾಲು ಅಂದ್ರೆ ನೀರು ಬೆರೆಸಿದ ಸುವಾರ್ತೆ ಅಲ್ಲ. ಐಡನ್ ತಪ್ಪು ಮಾಡಿದ ಶ್ರೀಮಂತರನ್ನು ಹೆದರದೆ ಗದರಿಸಿದವರು. ಹಾಲಿನಲ್ಲೂ ಪೂರ್ತಿ ಪೋಷಣೆ ಇರುತ್ತದೆ. ಕೂಸಿಗೆ ದಕ್ಕುವ ರೀತಿಯಲ್ಲಿ ಇರುತ್ತದೆ, ಅಷ್ಟೇ. ಹಲ್ಲು ಬರದ ಕೂಸಿಗೆ ಖಡಕ್ ರೊಟ್ಟಿ ಕೊಟ್ಟು, ತಿನ್ನಲಿಲ್ಲ ಅಂತ ಹೊಡೆಯುವ ತಾಯಿ ಉಂಟೇ?

ಈ ವಾರ ಮೂರು ಕೆಲಸ ಮಾಡ್ರಿ. ಒಂದು, ಮಾತು ಬಿಟ್ಟ ಬಂಧುವಿನ ಮನೆಗೆ ಹೋಗ್ರಿ, ವಾದಕ್ಕಲ್ಲ, ಕ್ಷೇಮ ಕೇಳೋದಕ್ಕೆ. ಎರಡು, ನೀತೀಕರಣ, ಪ್ರಾಯಶ್ಚಿತ್ತ ಅನ್ನೋ ಸಭೆಯ ಮಾತುಗಳನ್ನು ಹೊಲದಿಂದ ಬಂದ ಅಜ್ಜಿಗೂ ತಿಳಿಯುವಂತೆ ಹೇಳಲು ಕಲೀರಿ. ಮೂರು, ಕಾಯ್ರಿ. ಹ್ಯಾಂಡ್ಸ್ 21 ವರ್ಷ ಕಾದರು. ನಮಗೆ ಎಂಟು ತಿಂಗಳು ಹೆಚ್ಚಾಯಿತೇ?

ಕಣ್ಣು ಮುಚ್ಚಿ ಪ್ರಾರ್ಥಿಸೋಣ. ಪರಲೋಕದ ತಂದೆಯೇ, ನಮ್ಮ ನಾಲಿಗೆಯನ್ನು ಮುಟ್ಟು. ನಾವು ಹತ್ತಿ ಕೂತಿರುವ ಕುದುರೆಗಳಿಂದ ನಮ್ಮನ್ನು ಇಳಿಸು. ಮುರಿದ ಮನೆಗಳನ್ನು ಕಟ್ಟು. ನಮ್ಮ ಓಣಿಯ ಜನ ತಮ್ಮ ಮನೆಮಾತಿನಲ್ಲೇ ನಿನ್ನ ಪ್ರೀತಿಯನ್ನು ಕೇಳಲಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.