ನೀರು, ಕರ್ಮ ಮತ್ತು ಕಾರಣ

ಒಬ್ಬನಿಗೆ ರೋಗವೇಕೆ ಬಂತು ಎಂಬುದು ಒಂದು ಪ್ರಶ್ನೆ, ಊರಿಗೆ ಊರೇ ಏಕೆ ರೋಗಕ್ಕೆ ಈಡಾಯಿತು ಎಂಬುದು ಬೇರೆಯೇ ಪ್ರಶ್ನೆ. ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯ ಎರಡನೆಯದನ್ನು ನೇರವಾಗಿ ಎತ್ತಿಕೊಳ್ಳುತ್ತದೆ. ದೇಹಪ್ರಕೃತಿ, ಆಹಾರ, ಬಲ, ವಯಸ್ಸು ಎಲ್ಲವೂ ಬೇರೆಬೇರೆಯಾಗಿರುವ ಜನರು ಏಕಕಾಲದಲ್ಲಿ ಒಂದೇ ವ್ಯಾಧಿಯಿಂದ ನಾಶವಾಗುವುದು ಹೇಗೆಂದು ಅಗ್ನಿವೇಶನು ಕೇಳಿದಾಗ, ಎಲ್ಲರಿಗೂ ಸಮಾನವಾದ ವಾಯು, ಉದಕ, ದೇಶ, ಕಾಲಗಳು ಕೆಟ್ಟರೆ ಹಾಗಾಗುತ್ತದೆಂದು ಆತ್ರೇಯನು ಉತ್ತರಿಸುತ್ತಾನೆ. ಈ ಸಾಮೂಹಿಕ ನಾಶಕ್ಕೆ ಜನಪದೋದ್ಧ್ವಂಸವೆಂದು ಹೆಸರು.

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನಲ್ಲಿ ಈ ಉದಕವೆಂಬ ಕಾರಣವನ್ನು ಅಳತೆಗೇ ಸಿಗುವಂತೆ ಕಾಣಬಹುದು. ಮಳೆ ಕಡಿಮೆಯಿರುವ ಆ ನೆಲದಲ್ಲಿ ಜನರು ಕೊಳವೆಬಾವಿಗಳನ್ನು ನೆಚ್ಚಿಕೊಂಡಾಗ, ಗಟ್ಟಿ ಶಿಲೆಯ ಖನಿಜಗಳಿಂದ ಕರಗಿದ ಫ್ಲೋರೈಡ್ ಕುಡಿಯುವ ನೀರಿನೊಡನೆ ದೇಹವನ್ನು ಸೇರಿತು. ಅಲ್ಪ ಪ್ರಮಾಣದಲ್ಲಿ ಹಲ್ಲು ಹುಳುಕಾಗದಂತೆ ಕಾಯುವ ಈ ವಸ್ತು, ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟಿದಾಗ ಬೆಳೆಯುವ ಮಕ್ಕಳ ಹಲ್ಲಿನ ಮೇಲೆ ಕಲೆ ಮೂಡಿಸಬಲ್ಲದು, ಇನ್ನೂ ಹೆಚ್ಚಿದ್ದು ವರ್ಷಗಟ್ಟಲೆ ದೇಹಕ್ಕೆ ಸೇರಿದರೆ ಮೂಳೆ, ಕೀಲುಗಳನ್ನು ಬಿಗಿದು ಬೆನ್ನನ್ನೇ ಬಾಗಿಸಬಲ್ಲದು, ಇದೇ ಫ್ಲೋರೋಸಿಸ್. ಊಟದಲ್ಲಿ ಸುಣ್ಣದಂಶ ಕಡಿಮೆಯಿರುವವರಿಗೆ ಹಾನಿ ಹೆಚ್ಚು, ಆದ್ದರಿಂದ ಒಂದೇ ಬಾವಿಯ ನೀರು ಬಡವನ ಮೂಳೆಯನ್ನೇ ಮೊದಲು ಹಿಡಿಯುವ ಸಂಭವವಿದೆ.

ಬಾಗಿದ ಬೆನ್ನನ್ನು ಪೂರ್ವಜನ್ಮದ ಕರ್ಮವೆಂದು ವಿವರಿಸುವವರ ಮಾತನ್ನು ಅಲ್ಲಗಳೆಯಲು ಯಾವ ಅಂಕಿಅಂಶಕ್ಕೂ ಸಾಧ್ಯವಿಲ್ಲ, ಏಕೆಂದರೆ ಆ ವಿವರಣೆ ರೋಗಿಗೂ ಆರೋಗ್ಯವಂತನಿಗೂ ಸಮನಾಗಿ ಹೊಂದುತ್ತದೆ. ಅದರ ಬಲವೆಂದು ತೋರುವುದೇ ಅದರ ಕೊರತೆ. ನ್ಯಾಯಶಾಸ್ತ್ರವು ಕಾರಣವನ್ನು ಅನ್ವಯ ಮತ್ತು ವ್ಯತಿರೇಕಗಳಿಂದ, ಅಂದರೆ ಇದ್ದಾಗ ಕಾರ್ಯವಿದೆಯೇ, ಇಲ್ಲದಾಗ ಕಾರ್ಯವಿಲ್ಲವೇ ಎಂಬ ಎರಡು ಪರೀಕ್ಷೆಗಳಿಂದ ನಿರ್ಣಯಿಸುತ್ತದೆ, ಇಂದಿನ ಆರೋಗ್ಯ ಸಮೀಕ್ಷೆಯೂ ಹೆಚ್ಚುಕಡಿಮೆ ಅದನ್ನೇ ಬೇರೆ ಹೆಸರಿನಿಂದ ಮಾಡುತ್ತದೆ.

ಈ ಪರೀಕ್ಷೆ ಭಕ್ತರಿಗೆ ಪ್ರಿಯವಾದ ಮಾತಿಗೂ ಅನ್ವಯಿಸಬೇಕು. ತುಮಕೂರಿನ ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮೀಜಿಯವರು 1907ರಲ್ಲಿ ಜನಿಸಿ 2019ರಲ್ಲಿ ಲಿಂಗೈಕ್ಯರಾದರು. ಆ ನೂರಹನ್ನೊಂದು ವರ್ಷಗಳನ್ನು ಮಿತಾಹಾರ, ಶಿವಪೂಜೆಗಳ ಫಲವೆನ್ನುವುದು ಅನ್ವಯ ಮಾತ್ರ, ಏಕೆಂದರೆ ಅಂಥದೇ ನಿಯಮದಲ್ಲಿ ಬಾಳಿ ಬೇಗ ತೀರಿಕೊಂಡವರು ಆ ಲೆಕ್ಕಕ್ಕೆ ಬರುವುದಿಲ್ಲ. ಇದರಿಂದ ಅವರ ಹಿರಿಮೆಗೆ ಕುಂದಿಲ್ಲ. ಮಠದ ದಾಸೋಹ, ಅಂದರೆ ಸಾವಿರಾರು ಮಕ್ಕಳಿಗೆ ನಿತ್ಯ ಊಟ ನೀಡುವ ಸೇವೆ, ಆಯುಸ್ಸಿನ ದಾಖಲೆಗಾಗಿ ನಡೆದದ್ದಲ್ಲ, ಆದರೂ ಆರೋಗ್ಯದ ಅಳತೆಗಳನ್ನು ಮೇಲೆತ್ತಲು ಅನ್ನವೇ ನಂಬಬಹುದಾದ ಸಾಧನ.

ಚರಕಸಂಹಿತೆಯಾದರೂ ನೀರಿನಲ್ಲಿಯೇ ನಿಲ್ಲುವುದಿಲ್ಲ. ಅದರ ಪ್ರಕಾರ ವಾಯು, ಉದಕಗಳು ಕೆಡುವುದಕ್ಕೆ ಅಧರ್ಮವೇ ಮೂಲ, ಅದು ಬೆಳೆಯುವುದು ದೇಶ ನಗರಗಳ ಮುಖ್ಯಸ್ಥರು ಧರ್ಮ ಬಿಟ್ಟು ನಡೆದಾಗ. ಪೂರ್ವಜನ್ಮದ ಕರ್ಮವನ್ನೂ ಅದು ಕೈಬಿಟ್ಟಿಲ್ಲವೆಂಬುದು ನಿಜ. ಆದರೆ ಪಾವಗಡದ ಮಟ್ಟಿಗೆ, ಶಿಲೆಯಲ್ಲಿ ಫ್ಲೋರೈಡ್ ಇರುವುದು ಯಾರ ಪಾಪವೂ ಅಲ್ಲ, ಅದು ತಿಳಿದ ಮೇಲೂ ಮಕ್ಕಳಿಗೆ ಅದೇ ನೀರು ಕುಡಿಸುವುದು ಆಳುವವರ ಅಧರ್ಮ.