ನನ್ನದು ಎಂದರೆ ಯಾರಿಗೆ ಹೇಳಿದ್ದು?

ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ. ವಕೀಲರಿಗೆ ಅದು ಆಸ್ತಿ ಪಾಲಿನ ಗ್ರಂಥ. ಆದರೆ ಪಾಲಿನ ಲೆಕ್ಕಕ್ಕೆ ಇಳಿಯುವ ಮುಂಚೆ ಅವನು ಕೇಳುವ ಪ್ರಶ್ನೆ ಪಾಲಿಗಿಂತ ದೊಡ್ಡದು. ಒಂದು ವಸ್ತು ಒಬ್ಬನದು ಎಂಬುದು ನಮಗೆ ತಿಳಿಯುವುದು ಶಾಸ್ತ್ರದಿಂದಲೋ, ಲೋಕದಿಂದಲೋ?

ಲೋಕದಿಂದ ಎನ್ನುತ್ತಾನೆ ವಿಜ್ಞಾನೇಶ್ವರ. ಶಾಸ್ತ್ರದ ಗಂಧವೇ ಇಲ್ಲದ ಗಡಿನಾಡಿನ ಜನರೂ ಕೊಳ್ಳುತ್ತಾರೆ, ಮಾರುತ್ತಾರೆ. ಒಡೆತನದ ಅರಿವಿಲ್ಲದೆ ವ್ಯಾಪಾರ ನಡೆದೀತೇ? ಇದಕ್ಕೆ ಎದುರುವಾದಿಯ ಆಕ್ಷೇಪವೂ ಸೊಗಸಾಗಿದೆ. ಲೋಕವೇ ಪ್ರಮಾಣವಾದರೆ ಕಳ್ಳನ ಕೈಯಲ್ಲಿರುವ ಒಡವೆ ಕಳ್ಳನದೇ ಆಯಿತು, ‘ನನ್ನದನ್ನು ಅವನು ಕದ್ದ’ ಎಂಬ ದೂರಿಗೆ ಅರ್ಥವೇ ಇರದು. ವಿಜ್ಞಾನೇಶ್ವರ ಇದನ್ನು ಬಿಡಿಸುವುದು ವಸ್ತು ಕೈಗೆ ಬಂದ ಬಗೆಯನ್ನು ಹಿಡಿದು. ಕೈಯಲ್ಲಿ ಇರುವುದು ಬೇರೆ, ಕ್ರಯವೋ ಪಿತ್ರಾರ್ಜಿತವೋ ಆಗಿ ತನ್ನದಾಗುವುದು ಬೇರೆ. ಇವತ್ತಿಗೂ ಕದ್ದ ಮಾಲನ್ನು ಕಾಸು ಕೊಟ್ಟು ಕೊಂಡವನಿಗೆ ಸಾಮಾನ್ಯವಾಗಿ ಅದರ ಒಡೆತನ ಸಿಗುವುದಿಲ್ಲ. ತನ್ನಲ್ಲಿಲ್ಲದ ಹಕ್ಕನ್ನು ಯಾರೂ ಮಾರಲಾರರು ಎಂಬುದು 1930ರ ಸರಕು ಮಾರಾಟ ಕಾಯಿದೆಯಲ್ಲೂ ಉಳಿದಿದೆ.

ಲೋಕದಿಂದ ಎಂಬ ಉತ್ತರ ಒಪ್ಪಿದರೆ ಇನ್ನೊಂದನ್ನೂ ಒಪ್ಪಬೇಕಾಗುತ್ತದೆ. ಗದ್ದೆಗೆ ತಾನು ಯಾರದೆಂದು ಗೊತ್ತಿಲ್ಲ, ಗೊತ್ತಿರಬೇಕಾದದ್ದು ನೆರೆಯವನಿಗೆ. ‘ಇದು ನನ್ನದು’ ಎಂದವನು ಗದ್ದೆಯ ಬಗ್ಗೆ ಹೇಳಿದಂತೆ ಕಂಡರೂ ಅವನು ಮಾತಾಡುತ್ತಿರುವುದು ಉಳಿದ ಮನುಷ್ಯರೆಲ್ಲರ ಜೊತೆ: ನೀವು ಇಲ್ಲಿ ಇಷ್ಟು ಮಾಡಬಹುದು, ಇಷ್ಟು ಮಾಡಬಾರದು. ಒಡೆತನ ಎಂಬುದು ಜನರ ನಡುವಿನ ಸಂಬಂಧ, ವಸ್ತು ಅದಕ್ಕೊಂದು ನೆಪ.

ನಂಬಿಕೆ ಬಾರದಿದ್ದರೆ ದಕ್ಷಿಣ ಕನ್ನಡದ ಕುಮ್ಕಿ ನೋಡಿ. ವರ್ಗ ಜಾಗದ, ಅಂದರೆ ಕಂದಾಯ ಕಟ್ಟುವ ಹಿಡುವಳಿಯ, ಗಡಿಯಿಂದ ನೂರು ಗಜದೊಳಗಿನ ಸರ್ಕಾರಿ ಭೂಮಿ ಅದು. ಸ್ವತ್ತು ಸರ್ಕಾರದ್ದು, ಆದರೆ ಅಲ್ಲಿಂದ ಸೊಪ್ಪು, ತರಗೆಲೆ, ಮೇವು ತರುವ ಸವಲತ್ತು ಪಕ್ಕದ ವರ್ಗದಾರನದು. ಆ ಸವಲತ್ತನ್ನು ಅವನು ವರ್ಗದಿಂದ ಕಿತ್ತು ಬೇರೆಯಾಗಿ ಮಾರುವಂತಿಲ್ಲ. ಹಾಗಾದರೆ ಕುಮ್ಕಿ ಯಾರದು? ಪ್ರಶ್ನೆಯೇ ತಪ್ಪು. ಸೊಪ್ಪು ಕಡಿಯುವುದು ಯಾರು, ಮಾರುವುದು ಯಾರು, ಬೇಡ ಎಂದು ತಡೆಯುವುದು ಯಾರು ಎಂದು ಒಂದೊಂದಾಗಿ ಕೇಳಬೇಕು. ಕಾನೂನಿನವರು ಒಡೆತನವನ್ನು ಹಕ್ಕುಗಳ ಹೊರೆ ಎನ್ನುವುದು ಇದಕ್ಕೇ. ಹೊರೆಯ ಕಡ್ಡಿಗಳನ್ನು ಬಿಚ್ಚಿ ಬೇರೆ ಬೇರೆಯವರಿಗೆ ಕೊಡಬಹುದು. ಮಲೆನಾಡಿನ ಸೊಪ್ಪಿನ ಬೆಟ್ಟ, ಕೊಡಗಿನ ಬಾಣೆ, ಉತ್ತರ ಕನ್ನಡದ ಬೆಟ್ಟ ಹಾಡಿಗಳೂ ಇದೇ ಜಾತಿ. ಇವುಗಳ ಸವಲತ್ತುಗಳನ್ನು 1964ರ ಭೂಕಂದಾಯ ಕಾಯಿದೆ ಹೆಸರು ಹಿಡಿದು ಮುಂದುವರಿಸಿತು. ಕರಾವಳಿಯ ಮೂಲಗೇಣಿಯಲ್ಲಂತೂ ಒಂದೇ ನೆಲದ ಮೇಲೆ ಇಬ್ಬರು: ಗೊತ್ತಾದ ಗೇಣಿ ಪಡೆಯುವ ಮೂಲಿದಾರ, ತಲೆಮಾರುಗಳಿಂದ ಎಬ್ಬಿಸಲಾಗದಂತೆ ಕೂತ ಗೇಣಿದಾರ. ಇಬ್ಬರೂ ‘ನಮ್ಮದು’ ಎನ್ನುತ್ತಿದ್ದರು, ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ.

ಸ್ಥಿರಾಸ್ತಿ, ಚರಾಸ್ತಿ ಎಂಬ ವಿಂಗಡಣೆ ಕಲ್ಲು ಮಣ್ಣಿನಷ್ಟು ಗಟ್ಟಿ ಎಂದುಕೊಳ್ಳುತ್ತೇವೆ. ಒಂದು ಮರ ಇದನ್ನು ಅಲ್ಲಾಡಿಸುತ್ತದೆ. ಬೇರು ಬಿಟ್ಟ ಮರ ಸ್ಥಿರಾಸ್ತಿ, ಆದರೆ 1882ರ ಆಸ್ತಿ ವರ್ಗಾವಣೆ ಕಾಯಿದೆ ನಾಟಾಕ್ಕಾಗಿ ನಿಂತ ಮರವನ್ನು ಆ ಪಟ್ಟಿಯಿಂದ ಹೊರಗಿಟ್ಟಿದೆ. ಎರಡನ್ನೂ ಬೇರ್ಪಡಿಸುವುದು ಹೇಗೆ? ಹೆಂಡತಿಗೆ ಕಾಡಿನ ಮರ ಕಡಿಯುವ ಹಕ್ಕನ್ನು ಹನ್ನೆರಡು ವರ್ಷಗಳಿಗೂ ಮೀರಿ ಕೊಟ್ಟು, ಪತ್ರ ಮಾತ್ರ ನೋಂದಾಯಿಸದ ಜಮೀನ್ದಾರನೊಬ್ಬನ ಪ್ರಕರಣ 1958ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಬೇಗನೆ ಕಡಿಯಲೆಂದು ಕೊಂಡದ್ದಾದರೆ ಮರ ನಾಟಾ. ವರ್ಷಗಟ್ಟಲೆ ನೆಲದ ಸಾರ ಹೀರುತ್ತ ಬೆಳೆಯಬೇಕಾದದ್ದಾದರೆ ಅದು ನೆಲದ್ದೇ ಅಂಗ, ನೋಂದಣಿ ಬೇಕೇಬೇಕು ಎಂದು ನ್ಯಾಯಮೂರ್ತಿ ವಿವಿಯನ್ ಬೋಸ್ ಬಿಡಿಸಿ ಹೇಳಿದರು. ಅದೇ ಸಾಗುವಾನಿ, ಕಡಿಯುವವರ ಉದ್ದೇಶ ಬದಲಾದರೆ ಜಾತಿಯೂ ಬದಲು.

ಇನ್ನು ಬೌದ್ಧಿಕ ಆಸ್ತಿ. ಬಹಳ ಮಂದಿ ಇದನ್ನು ನಿಜವಾದ ಆಸ್ತಿಯ ನೆರಳು ಎಂಬಂತೆ ನೋಡುತ್ತಾರೆ. ನನಗೆ ತೋರುವುದು ತಿರುಗಾಮುರುಗಾ: ನೆಪಕ್ಕೂ ಒಂದು ವಸ್ತುವಿಲ್ಲದ ಕಾರಣ ಒಡೆತನದ ಅಸಲು ರೂಪ ಕಾಣಿಸುವುದು ಇಲ್ಲೇ.

ಶಿವರಾಮ ಕಾರಂತರು ಯಕ್ಷಗಾನವನ್ನು ಬ್ಯಾಲೆಯ ರೂಪಕ್ಕೆ ತಂದರು, ಪಿಟೀಲು ಸ್ಯಾಕ್ಸೋಫೋನುಗಳನ್ನೂ ಅದಕ್ಕೆ ಸೇರಿಸಿದರು. 1997ರಲ್ಲಿ ಅವರು ತೀರಿಕೊಂಡ ಮೇಲೆ ಹಕ್ಕುಗಳು ಉಯಿಲಿನಂತೆ ಇನ್ನೊಬ್ಬರಿಗೆ ಹೋದವು. 2001ರಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ದೆಹಲಿಯಲ್ಲಿ ‘ಅಭಿಮನ್ಯು ವಧೆ’ ಆಡಿಸಿತು, ವ್ಯಾಜ್ಯ ಉಡುಪಿಯಿಂದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅಭಿಮನ್ಯುವಿನ ಕಥೆ ಯಾರೊಬ್ಬರದೂ ಅಲ್ಲ. ಯಕ್ಷಗಾನವಂತೂ ಹೆಸರು ಉಳಿಯದ ಎಷ್ಟೋ ಭಾಗವತರ, ವೇಷಧಾರಿಗಳ ಕೂಡುಗಳಿಕೆ. ಆ ಬಯಲಿನಲ್ಲಿ ಕಾರಂತರದು ಎಂದು ಬೇಲಿ ಹಾಕುವುದು ಎಲ್ಲಿ? ಅವರು ಹೊಸದಾಗಿ ಕೂಡಿಸಿದ ರೂಪಕ್ಕೆ ಮಾತ್ರ. 2009ರ ಜನವರಿಯಲ್ಲಿ ಕೋರ್ಟು ಆ ಹಕ್ಕು ಉಯಿಲಿನಿಂದ ಪಡೆದವರದೇ ಎಂದಿತು; ಜೊತೆಗೆ ಕೃತಿಸ್ವಾಮ್ಯ ಕಾಯಿದೆಯ 52ನೇ ಕಲಮಿನ ವಿನಾಯಿತಿಗಳು ಅಕಾಡೆಮಿಗೂ ತೆರೆದಿವೆ ಎಂದು ತೀರ್ಪನ್ನು ತಿದ್ದಿತು. ಟಿಕೆಟ್ ಇಲ್ಲದೆ ಹವ್ಯಾಸಿ ತಂಡ ಆಡುವ ಆಟದಂಥವು ಆ ವಿನಾಯಿತಿಗಳು. ಇಲ್ಲಿ ವಿಭಾಗವಾದದ್ದು ಏನು? ಯಾರು, ಯಾರ ಮುಂದೆ, ಯಾವ ಷರತ್ತಿನ ಮೇಲೆ ಕುಣಿಯಬಹುದು ಎಂಬ ಅಪ್ಪಣೆ, ಅಷ್ಟೇ.

ಆ ಅಪ್ಪಣೆಗೆ ಅವಧಿಯೂ ಇದೆ. ನನ್ನ ಗದ್ದೆಯಲ್ಲಿ ನೀವು ನೇಗಿಲು ಹೂಡಿದರೆ ನನಗೆ ಜಾಗವಿಲ್ಲ, ನನ್ನ ಪದ ನೀವು ಹಾಡಿದರೆ ನನ್ನ ಬಾಯಿ ಕಟ್ಟುವುದಿಲ್ಲ. ಆದ್ದರಿಂದ ಹಾಡನ್ನು ಎಂದೆಂದಿಗೂ ತಡೆಹಿಡಿಯಲು ಗದ್ದೆಗಿರುವ ಕಾರಣ ಸಾಲದು. ಪೇಟೆಂಟಿಗೆ 20 ವರ್ಷ, ಕೃತಿಗೆ ಕರ್ತೃ ತೀರಿದ ಮೇಲೆ 60 ವರ್ಷ. ಲೆಕ್ಕ ಶುರುವಾಗುವುದು ಸತ್ತ ಮರುವರ್ಷದ ಮೊದಲ ದಿನದಿಂದ. ಈ ಕಾಯಿದೆ ಹೀಗೇ ಉಳಿದರೆ 2058ರ ಜನವರಿ 1ರಿಂದ ಕಾರಂತರ ಪ್ರಸಂಗಗಳನ್ನು ಯಾವ ಮೇಳ ಬೇಕಾದರೂ ಟಿಕೆಟ್ ಹಚ್ಚಿ ಆಡಬಹುದು.