ತನ್ಮಯತೆಯೂ ಎಚ್ಚರವೂ

ಕೆಲಸದಲ್ಲಿ ತನ್ನನ್ನು ತಾನು ಮರೆಯುವುದು ಹಿರಿಯ ಗುಣವೆಂದು ಲೋಕವು ಕೊಂಡಾಡುತ್ತದೆ. ಆದರೆ ಮೈಮರೆತು ಮಾಡಿದುದೆಲ್ಲವೂ ಒಳ್ಳೆಯದೇ? ‘ನಾನು’ ಎಂಬುದು ಮರೆತ ಮಾತ್ರಕ್ಕೆ ಅಳಿಯಿತೇ? ಇದು ವಿಚಾರಾರ್ಹವಾದ ಪ್ರಶ್ನೆ.

ಮನಶ್ಶಾಸ್ತ್ರಜ್ಞರಾದ ಮಿಹಾಯ್ ಚಿಕ್‌ಸೆಂಟ್‌ಮಿಹಾಯಿ (1934-2021) ಅವರು ಬಂಡೆ ಹತ್ತುವವರು, ಚದುರಂಗದ ಆಟಗಾರರು, ಶಸ್ತ್ರವೈದ್ಯರು ಮೊದಲಾದವರ ಅನುಭವವನ್ನು ಪರಿಶೀಲಿಸಿ, 1975ರ ತಮ್ಮ ಗ್ರಂಥದಲ್ಲಿ ಈ ಸ್ಥಿತಿಯನ್ನು ವಿವರಿಸಿದರು. ಅದಕ್ಕೆ ಅವರಿತ್ತ ಹೆಸರು ‘ಪ್ರವಾಹ’. ಕೆಲಸವು ಕೌಶಲಕ್ಕಿಂತ ಸುಲಭವಾದರೆ ಬೇಸರ, ಮಿತಿಮೀರಿ ಕಠಿಣವಾದರೆ ಕಳವಳ. ಎರಡೂ ಸರಿದೂಗಿ, ಗುರಿಯು ಸ್ಪಷ್ಟವಾಗಿ, ಮಾಡಿದುದು ಸರಿಯೋ ತಪ್ಪೋ ಎಂಬುದು ಒಡನೆಯೇ ತಿಳಿಯುತ್ತಿದ್ದರೆ ಮನಸ್ಸು ಏಕಾಗ್ರವಾಗುತ್ತದೆ. ಕಾಲದ ಅರಿವೂ ತನ್ನ ಅರಿವೂ ಹಿಂದೆ ಸರಿಯುತ್ತವೆ.

ಇದಕ್ಕೆ ಕ್ರೀಡಾರಂಗದ ಒಂದು ನಿದರ್ಶನವುಂಟು. 1988ರ ಮೇ ತಿಂಗಳಲ್ಲಿ ಮೊನಾಕೊದ ಇಕ್ಕಟ್ಟಾದ ಬೀದಿಗಳಲ್ಲಿ ಫಾರ್ಮುಲಾ ಒನ್ ಮೋಟಾರು ಪಂದ್ಯವು ಏರ್ಪಟ್ಟಿತ್ತು. ಅರ್ಹತಾ ಸುತ್ತುಗಳಲ್ಲಿ ಬ್ರೆಜಿಲಿನ ಐರ್ಟನ್ ಸೆನ್ನಾ ಅವರು, ತಮ್ಮದೇ ತಂಡದಲ್ಲಿದ್ದು ಅದೇ ಬಗೆಯ ಕಾರನ್ನು ಓಡಿಸಿದ ಅಲೇನ್ ಪ್ರಾಸ್ಟ್ ಅವರಿಗಿಂತ 1.427 ಸೆಕೆಂಡು ಮುಂದಾದರು. ಆ ಆಟದಲ್ಲಿ ಇದು ಬೆರಗುಗೊಳಿಸುವ ಅಂತರ. ತಾವು ಬುದ್ಧಿಪೂರ್ವಕವಾಗಿ ನಡೆಸುತ್ತಿಲ್ಲವೆಂಬುದು ಫಕ್ಕನೆ ಅರಿವಿಗೆ ಬಂದು, ಬೆದರಿ, ವೇಗವಿಳಿಸಿ ಹಿಂದಿರುಗಿದುದಾಗಿ ಅವರೇ ಮುಂದೆ ಹೇಳಿದರು. ಮರುದಿನದ ಪಂದ್ಯದಲ್ಲಿಯೂ ಅವರು ಬಹು ಮುಂದಿದ್ದರು. ತಂಡದವರು ನಿಧಾನಿಸುವಂತೆ ಸೂಚಿಸಿದರು. ವೇಗವು ತಗ್ಗಿದಂತೆ ಏಕಾಗ್ರತೆಯೂ ಸಡಿಲವಾಯಿತು. 67ನೆಯ ಸುತ್ತಿನಲ್ಲಿ ಕಾರು ತಡೆಗೋಡೆಗೆ ಬಡಿಯಿತು. ಗೆಲುವು ಪ್ರಾಸ್ಟ್ ಅವರದಾಯಿತು.

ತನ್ಮಯತೆಯು ಕೂಡಿಡಬಹುದಾದ ಸಂಪತ್ತಲ್ಲವೆಂಬುದು ಇದರಿಂದ ವಿದಿತವಾಗುತ್ತದೆ. ಅದು ಸ್ವತಃ ಧರ್ಮವೂ ಅಲ್ಲ. ಜೂಜುಗಾರನೂ ತನ್ನನ್ನು ಮರೆಯುತ್ತಾನೆ. ಬೀಗ ಮುರಿಯುವ ಕಳ್ಳನ ಕೈಗೂ ಏಕಾಗ್ರತೆಯುಂಟು. ಈ ಶಕ್ತಿಯು ಬೆಂಕಿಯಂತೆ; ಅನ್ನವನ್ನೂ ಬೇಯಿಸೀತು, ಮನೆಯನ್ನೂ ಸುಟ್ಟೀತು. ವ್ಯಾಪಾರದಲ್ಲಿ ಮುಳುಗಿದ ಗೃಹಸ್ಥನಿಗೆ ಮಗುವಿನ ಕರೆಯೇ ಕೇಳಿಸದಿದ್ದರೆ, ಅಲ್ಲಿ ಅಳಿದುದು ಅಹಂಕಾರವಲ್ಲ, ಮಮತೆ.

ಆದುದರಿಂದ ಸೆನ್ನಾ ಅವರ ಅಂದಿನ ಸಾಧನೆಯಲ್ಲಿ 1.427 ಸೆಕೆಂಡಿಗಿಂತಲೂ ಹಿರಿದಾದುದೊಂದುಂಟು: ಅಷ್ಟು ವೇಗದ ನಡುವೆಯೂ ‘ಇನ್ನು ಸಾಕು’ ಎಂದು ಹಿಂದಿರುಗಿದ ಎಚ್ಚರ. ತನ್ನನ್ನು ಮರೆಯುವುದು ಅಭ್ಯಾಸದಿಂದ ಬಂದೀತು. ಯಾವುದಕ್ಕಾಗಿ ಮರೆಯಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ವಿವೇಕವೇ ಹೇಳಬೇಕು.